ಲೆಟ್ಯೂಸ್ ಡಬ್ಬಿಯೋ, ಬುಧವಾರದ ಸಂತೆಯೋ: ಉಡುಪಿಯಲ್ಲಿ ಹಸಿ ಊಟದ ಖರ್ಚು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಆದಿಉಡುಪಿಯ ಬುಧವಾರದ ಸಂತೆಗೆ. ತರಕಾರಿ ಮನೆಗೆ ತರಿಸುವ ಆ್ಯಪ್, ಸೂಪರ್‌ಮಾರ್ಕೆಟ್, ಸಂತೆ, ಮೂರನ್ನೂ ಮೂರು ತಿಂಗಳು ಸುತ್ತಿ, ಕೈ ಸುಟ್ಟುಕೊಂಡ ಮೇಲೆ ಹೇಳುತ್ತಿರುವ ಮಾತಿದು.

ಜೂನ್‌ನಲ್ಲಿ ಹಸಿ ಆಹಾರ ಶುರು ಮಾಡಿದೆ. ಬೆಳಿಗ್ಗೆ, ಮಧ್ಯಾಹ್ನ ಬೇಯಿಸದ್ದು ಮಾತ್ರ. ರಾತ್ರಿಯ ಕುಚ್ಚಲಕ್ಕಿ ಗಂಜಿ ಬಿಡಲು ನನ್ನಿಂದ ಆಗಲಿಲ್ಲ, ಇರಲಿ. ಗ್ಯಾಸ್ ಉಳಿಯುತ್ತದೆ, ಎಣ್ಣೆ ಉಳಿಯುತ್ತದೆ, ಖರ್ಚು ಇಳಿಯುತ್ತದೆ ಅಂತ ನನ್ನ ಲೆಕ್ಕ. ಮೊದಲ ತಿಂಗಳು ಒಬ್ಬನಿಗೇ 8,700 ರೂ. ಆಯಿತು. ಹಿಂದೆಲ್ಲ ಮೀನು ಸೇರಿಸಿಯೂ ಐದು ಸಾವಿರ ದಾಟುತ್ತಿರಲಿಲ್ಲ.

ತಪ್ಪು ನನ್ನದೇ. ವಿಡಿಯೋ ನೋಡಿ ಪಟ್ಟಿ ಬರೆದಿದ್ದೆ: ಲೆಟ್ಯೂಸ್, ಬೆಣ್ಣೆಹಣ್ಣು, ಬ್ಲೂಬೆರಿ, ಚೆರ್ರಿ ಟೊಮೆಟೊ, ಬಾದಾಮಿ. ಬೆಣ್ಣೆಹಣ್ಣಾದರೂ ಘಟ್ಟ ಇಳಿದು ಬರುತ್ತದೆ, ಉಳಿದದ್ದು ಇನ್ನೂ ದೂರದ್ದು. ಇದೆಲ್ಲ ಸುಲಭವಾಗಿ ಸಿಗುವುದು ಆ್ಯಪ್‌ನಲ್ಲಿ. ಹಾಗಾಗಿ ಆ್ಯಪ್.

ಲೆಟ್ಯೂಸ್ ಕಥೆ ಸ್ವಲ್ಪ ಉದ್ದ. 150 ಗ್ರಾಮಿನ ಡಬ್ಬಿಗೆ 89 ರೂ. ರಾತ್ರಿ ಬಂತು, ಹಾಗೇ ಫ್ರಿಜ್ಜಿಗಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಒಳಗೆಲ್ಲ ಬೆವರು. ಮೇಲಿನ ನಾಲ್ಕೆಲೆ ಚೆನ್ನಾಗಿತ್ತು. ಅಡಿಯ ಎಲೆಗಳು ಮಳೆಗೆ ನೆನೆದ ಪೇಪರಿನ ಹಾಗೆ ಡಬ್ಬಿಗೆ ಅಂಟಿಕೊಂಡಿದ್ದವು. ಬೆರಳು ತಾಗಿಸಿದರೆ ಲೋಳೆ.

ದೂರು ಕೊಟ್ಟೆ. ಫೋಟೋ ಕಳಿಸಿ ಅಂದರು, ಕಳಿಸಿದೆ. ಮೇಲಿಂದ ತೆಗೆದ ಫೋಟೋದಲ್ಲಿ ಆ ನಾಲ್ಕು ಒಳ್ಳೆ ಎಲೆಗಳೇ ನಗುತ್ತಿದ್ದವು! ಮಾಲು ಸರಿಯಾಗಿದೆ ಅಂತ ಉತ್ತರ. ಆಫೀಸಿಗೆ ಹೊರಡುವ ಹೊತ್ತಲ್ಲಿ ಕೊಳೆತ ಎಲೆಗಳನ್ನು ಸ್ಟೀಲ್ ತಟ್ಟೆಯಲ್ಲಿ ಒಂದೊಂದಾಗಿ ಹರಡಿ, ಕಿಟಕಿ ಬೆಳಕಿಗೆ ಹಿಡಿದು ಇನ್ನೊಂದು ಫೋಟೋ ತೆಗೆದೆ. ಕೊನೆಗೆ 89 ರೂ. ವಾಪಸ್ ಬಂತು. ಬ್ಯಾಂಕಿಗಲ್ಲ, ಅವರದೇ ವ್ಯಾಲೆಟ್‌ಗೆ. ಅದನ್ನು ಖರ್ಚು ಮಾಡಬೇಕೆಂದರೆ ಒಟ್ಟು 299 ರೂ. ಸಾಮಾನು ತರಿಸಬೇಕು, ಇಲ್ಲವಾದರೆ ಡೆಲಿವರಿ ಚಾರ್ಜ್. ನಾನು ಏನು ತರಿಸಿದೆ ಹೇಳಿ? ಬ್ಲೂಬೆರಿ, ಮತ್ತೆ ಲೆಟ್ಯೂಸ್. ಅದೂ ಕೊಳೆಯಿತು. ಅದರ ದುಡ್ಡೂ ವ್ಯಾಲೆಟ್‌ಗೇ ಹೋಯಿತು.

ಎಲೆ ಹಾಳಾಗುವುದು ನೀರಿನ ಪಸೆಗೆ. ತಂದ ಕೂಡಲೇ ಡಬ್ಬಿಯಿಂದ ತೆಗೆದು ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ನಾಲ್ಕು ದಿನ ತಡೆಯುತ್ತದೆ. ಆದರೆ ಜುಲೈ ತಿಂಗಳ ಉಡುಪಿಯಲ್ಲಿ ಒಣಗಿದ ಬಟ್ಟೆ ಯಾರ ಮನೆಯಲ್ಲಿರುತ್ತದೆ?

ಆ್ಯಪ್‌ನಲ್ಲಿ ಇನ್ನೊಂದು ಪೆಟ್ಟು ತಿಂದದ್ದು 'ರಾ ಗೋಡಂಬಿ'ಯಲ್ಲಿ. ಆ ಹೆಸರಿಗೇ ಜಾಸ್ತಿ ರೇಟು. ಕಾರ್ಕಳ, ಕುಂದಾಪುರ ಕಡೆಯ ಗೇರುಬೀಜದ ಫ್ಯಾಕ್ಟರಿ ನೋಡಿದವರಿಗೆ ಗೊತ್ತು, ಸಿಪ್ಪೆಯಲ್ಲಿ ಕೈ ಸುಡುವ ಎಣ್ಣೆ ಇರುವುದರಿಂದ ಬೀಜವನ್ನು ಹಬೆಯಲ್ಲಿ ಬೇಯಿಸಿಯೇ ಒಡೆಯುವುದು. ಅಂಗಡಿಗೆ ಬರುವಾಗ ಅದು ಪೂರ್ತಿ ಹಸಿಯಾಗಿ ಉಳಿದಿರುವುದಿಲ್ಲ. ಅವಲಕ್ಕಿಯೂ ಹಾಗೇ, ಭತ್ತ ನೆನೆಸಿ ಹುರಿದು ಕುಟ್ಟಿದ್ದು. ಹಸಿ ಅಂದುಕೊಂಡು ಸುಮ್ನೆ ದುಡ್ಡು ಸುರಿಯಬೇಡಿ.

ಮಣಿಪಾಲದ ಸೂಪರ್‌ಮಾರ್ಕೆಟ್: ಕೈಯಲ್ಲಿ ಮುಟ್ಟಿ ಆರಿಸಬಹುದು, ಎಸಿ ಇದೆ, ರೇಟು ಸಂತೆಗಿಂತ ಜಾಸ್ತಿ. ಆಫರ್ ಇದ್ದಾಗ ಬಾದಾಮಿಗೆ ಹೋಗುತ್ತೇನೆ, ಅಷ್ಟೇ.

ಸಂತೆಗೆ ಕರೆದುಕೊಂಡು ಹೋದದ್ದು ಅಮ್ಮನ ಒಂದು ಮಾತು. ಬ್ರಹ್ಮಾವರದಿಂದ ಬಂದವಳು ನನ್ನ ತಟ್ಟೆ ನೋಡಿ, "ಇದಕ್ಕೆ ಇಷ್ಟು ದುಡ್ಡಾ? ಕೋಸಂಬರಿ ತಿನ್ನಬಾರದಾ?" ಅಂದಳು. ಹೌದಲ್ವಾ! ನೆನೆಸಿದ ಹೆಸರುಬೇಳೆ, ಮುಳ್ಳುಸೌತೆ, ತೆಂಗಿನತುರಿ, ನಿಂಬೆರಸ. ಒಗ್ಗರಣೆ ಬಿಟ್ಟರೆ ಒಲೆ ಹಚ್ಚುವ ಕೆಲಸವೇ ಇಲ್ಲ.

ಅವತ್ತಿನಿಂದ ಪಟ್ಟಿ ಬದಲಾಯಿತು. ಮಳೆಗಾಲದಲ್ಲಿ ಊರಿನ ಮುಳ್ಳುಸೌತೆ ಹೇಗೂ ಬರುತ್ತದೆ, ಕಿಲೋಗೆ 40 ರೂ. ಕೊಟ್ಟೆ. ಪಪ್ಪಾಯಿ, ಪೇರಳೆ, ಕದಳಿ ಬಾಳೆ, ಒಂದೆಲಗದ ಕಟ್ಟು. ಒಂದೆಲಗಕ್ಕೆ ತೆಂಗಿನಕಾಯಿ, ಹಸಿಮೆಣಸು ಹಾಕಿ ರುಬ್ಬಿದರೆ ಲೆಟ್ಯೂಸ್ ನೆನಪೂ ಬರುವುದಿಲ್ಲ. ಒಂದು ಕಿಲೋ ಹೆಸರುಕಾಳು ಮೊಳಕೆ ಬಂದರೆ ತೂಕ ಎರಡು ಪಟ್ಟು ದಾಟುತ್ತದೆ. ಬಾದಾಮಿಯ ಜಾಗಕ್ಕೆ ನೆನೆಸಿದ ನೆಲಗಡಲೆ. ರಾಜ್ಮಾ ಮಾತ್ರ ಮೊಳಕೆ ಬಂದರೂ ಹಸಿ ತಿನ್ನಬೇಡಿ, ಹೊಟ್ಟೆ ಕೆಡುತ್ತದೆ. ಈ ಊಟದಲ್ಲಿ ವಿಟಮಿನ್ ಬಿ12 ಸಾಕಾಗುತ್ತದಾ ಅಂತ ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಸಂತೆಯಲ್ಲಿ ಕಷ್ಟ ಇಲ್ಲ ಅಂತಲ್ಲ. ಕೊಡೆ, ಚೀಲ, ಕೆಸರು, ಒಂದೇ ಕೈಯಲ್ಲಿ ಚಿಲ್ಲರೆ ಹುಡುಕುವುದು. ಸೊಪ್ಪು ಮೂರು ನೀರಿನಲ್ಲಿ ತೊಳೆಯಬೇಕು, ಹಸಿ ತಿನ್ನುವವರು ಅದನ್ನು ತಪ್ಪಿಸುವ ಹಾಗಿಲ್ಲ. ಚೌತಿಯ ವಾರ ಸೌತೆ, ಬಾಳೆಹಣ್ಣು ಎರಡರ ರೇಟೂ ಏರಿತು, ಆ ವಾರ ಪಪ್ಪಾಯಿಯಲ್ಲೇ ಕಳೆದೆ.

ಮೂರನೇ ತಿಂಗಳ ಖರ್ಚು 4,300 ರೂ. ತೆಂಗಿನಕಾಯಿ ಅಮ್ಮನ ಹಿತ್ತಲಿನದ್ದು, ಈ ಲೆಕ್ಕದಲ್ಲಿಲ್ಲ. 2025ರಲ್ಲಿ ಕಾಯಿ ರೇಟು ಏರಿದ್ದು ಗೊತ್ತೇ ಇದೆ, ಕೊಳ್ಳುವವರು ಇನ್ನೊಂದು 500 ಸೇರಿಸಿಕೊಳ್ಳಿ. ಬುಧವಾರ ಸಂಜೆ ನನಗೆ ಬಿಡುವು, ಮನೆ ಹತ್ತಿರ, ಹಾಗಾಗಿ ಇದು ನಡೆಯುತ್ತದೆ. ಸಂಜೆ ತಡವಾಗಿ ಹೋದರೆ ಉಳಿದ ಸೊಪ್ಪಿನ ಕಟ್ಟು ಅರ್ಧ ರೇಟಿಗೂ ಸಿಕ್ಕಿದ್ದಿದೆ. ಕೆಲಸ ಮುಗಿಯುವುದೇ ರಾತ್ರಿ ಒಂಬತ್ತಕ್ಕೆ ಅನ್ನುವವರು ಸಂತೆಕಟ್ಟೆಯ ಭಾನುವಾರದ ಸಂತೆ ನೋಡಿ.

ಆ್ಯಪ್ ಇನ್ನೂ ಫೋನಲ್ಲಿದೆ. ವ್ಯಾಲೆಟ್‌ನಲ್ಲಿ ಆ 89 ರೂ. ಹಾಗೇ ಕೂತಿದೆ.