ಒಂಟಿ ಕುದುರೆಯ ಟ್ರೇಲರ್: ದೇವಿಮನೆ ಘಟ್ಟ ಇಳಿಸಿ ನೋಡಿದ ಮೇಲೆ

ಶಿರಸಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ತಯಾರಾದ ಒಂದೇ ಎಕ್ಸಲ್‌ನ, ಒಂದೇ ಕುದುರೆಯ ಟ್ರೇಲರ್ ಇದು. ಚೌಕ ಪೈಪಿನ ಚಾಸಿ, 13 ಇಂಚಿನ ಎರಡು ಚಕ್ರ, ಎಳೆಯುವ ಗಾಡಿಯ 50 ಮಿಮೀ ಬಾಲ್ (ಉಕ್ಕಿನ ಗುಂಡು) ಮೇಲೆ ಕೂರುವ ಕಪ್ಲಿಂಗ್, ಮುಂದಿನ ಗಾಡಿ ನಿಧಾನವಾದರೆ ತಾನಾಗಿ ಹಿಡಿಯುವ ಓವರ್‌ರನ್ ಬ್ರೇಕ್. ಖಾಲಿ ತೂಕ 420 ಕೆಜಿ. ನೆಲ 2.2 ಮೀಟರ್ ಉದ್ದ, 1.1 ಮೀಟರ್ ಅಗಲ, ಕುದುರೆಯೊಂದಕ್ಕೆ 2.25 ಚದರ ಮೀಟರ್ ಜಾಗ ಬೇಕೆನ್ನುವ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ಸಾಕು. ವೆಲ್ಡಿಂಗ್ ಗಟ್ಟಿಯಾಗಿದೆ, ಹಿಂಬಾಗಿಲಿನ ಇಳಿಜಾರು ಹಲಗೆ ಕುದುರೆ ಹೆದರುವಷ್ಟು ಕಡಿದಾಗಿಲ್ಲ. ಕಟ್ಟಿದ ಕೆಲಸಕ್ಕೆ ಹೆಸರಿಡುವಂತಿಲ್ಲ. ಆದರೆ ಬೊಲೆರೋ ಹಿಂದೆ ಸಿಕ್ಕಿಸಿ ಶಿರಸಿಯಿಂದ ದೇವಿಮನೆ ಘಟ್ಟದ ದಾರಿಯಲ್ಲಿ ಕುಮಟೆಗೆ ಇಳಿಸಿದರೆ ಇದರ ಕುಂದುಗಳೆಲ್ಲ ಹೊರಬೀಳುತ್ತವೆ. ಒಂದೆರಡು ಬಿಟ್ಟರೆ ಎಲ್ಲವೂ ಶೆಡ್ಡಿನಲ್ಲೇ ಸರಿಪಡಿಸಬಹುದಾದಂಥವು.

ಮೊದಲ ದೂರು, ಗಾಡಿ ಬಾಲ ಅಲ್ಲಾಡಿಸುವುದು. ಘಟ್ಟದ ಕೆಳಗೆ ಹೆದ್ದಾರಿ 66ಕ್ಕೆ ಬಂದು 60 ಕಿಮೀ ವೇಗ ದಾಟಿದೊಡನೆ ಟ್ರೇಲರಿನ ಹಿಂಭಾಗ ಎಡಬಲ ತೂಗುತ್ತದೆ. ಹೊನ್ನಾವರದ ಶರಾವತಿ ಸೇತುವೆ ಮೇಲೆ ಅಡ್ಡಗಾಳಿ ಬಿದ್ದರೆ ಇನ್ನೂ ಜಾಸ್ತಿ. ಚಾಲಕರು ಟಯರನ್ನೋ ಸ್ಟೇರಿಂಗನ್ನೋ ಅನುಮಾನಿಸುತ್ತಾರೆ. ಕಾರಣ ಬೇರೆ. ಎತ್ತಿನಗಾಡಿ ಹೂಡಿದವರಿಗೆ ಇದು ಗೊತ್ತು: ಹೇರು ಹಿಂದಾದರೆ ಮೂಕಿ ಮೇಲೇಳುತ್ತದೆ. ಇಲ್ಲಿ ಮೂಕಿಯ ಜಾಗದಲ್ಲಿ ಕಪ್ಲಿಂಗ್ ಇದೆ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಬಾಲ್ ಮೇಲೆ ಕೂರಬೇಕು. 330 ಕೆಜಿಯ ಕುದುರೆ ಸೇರಿ ಟ್ರೇಲರ್ 750 ಕೆಜಿ ಆದರೆ ಟ್ರೇಲರಿನ ಮೂತಿಯ (ಕಪ್ಲಿಂಗ್ ಇರುವ ಮುಂದಿನ ತುದಿಯ) ಮೇಲೆ 75 ಕೆಜಿ ಬೇಕು. ಶೆಡ್ಡಿನಿಂದ ಬಂದ ಹಾಗೇ ತೂಗಿದರೆ ಸಿಗುವುದು 35.

ತೂಗುವುದಕ್ಕೆ ದೊಡ್ಡ ಸಲಕರಣೆ ಬೇಡ. ಅಡಿಕೆ ಮೂಟೆ ತೂಗುವ ಪ್ಲಾಟ್‌ಫಾರ್ಮ್ ಕಾಟಾ ಸಾಕು. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಕಾಟಾದ ಮೇಲೆ ಮರದ ತುಂಡು ನಿಲ್ಲಿಸಿ, ಗಾಡಿಯ ಬಾಲ್ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಕಪ್ಲಿಂಗ್ ಕೂರಿಸಿ. ಕುದುರೆಯನ್ನು ಹತ್ತಿಸಿ ತೂಗಬೇಡಿ, ಅದು ಕಾಲು ಬದಲಿಸಿದಾಗೆಲ್ಲ ಲೆಕ್ಕ ತಪ್ಪುತ್ತದೆ, ಮರದ ತುಂಡು ಜಾರಿದರೆ ಅಪಾಯ. ಬದಲಿಗೆ 50 ಕೆಜಿಯ ಮರಳು ಚೀಲ ನಾಲ್ಕನ್ನು ಮುಂಗಾಲು ಊರುವಲ್ಲಿ, ಎರಡೂವರೆಯನ್ನು ಹಿಂಗಾಲು ಊರುವಲ್ಲಿ ಇಡಿ. ಕುದುರೆಯ ಭಾರದಲ್ಲಿ ನೂರಕ್ಕೆ ಅರವತ್ತು ಮುಂಗಾಲಿನ ಮೇಲೇ ಇರುವುದು.

ಕುದುರೆಯ ಎದೆಗೆ ತಡೆಯಾಗಿರುವ ಅಡ್ಡಪಟ್ಟಿಯನ್ನು 15 ಸೆಂಮೀ ಮುಂದೆ ಸರಿಸಿದರೆ ಮೂತಿಗೆ 19 ಕೆಜಿಯಷ್ಟು ಹೆಚ್ಚುತ್ತದೆ. ಆದರೆ ಆಗ ಕುದುರೆಯ ಮೂಗು ಮುಂದಿನ ತಗಡಿಗೆ ತಾಗುತ್ತದೆ. ತಲೆ ತಗ್ಗಿಸಿ ಕೆಮ್ಮಲು ಜಾಗ ಇಲ್ಲದಿದ್ದರೆ ಮೂಗಿಗೆ ಸೇರಿದ ಧೂಳು ಹೊರಬರುವುದಿಲ್ಲ, ಕುದುರೆಗೆ ಶ್ವಾಸಕೋಶದ ಕಾಯಿಲೆ ಹಿಡಿಯುವುದು ಹೀಗೆ. ಆದ್ದರಿಂದ ಆ ದಾರಿ ಬೇಡ. ಸ್ಪ್ರಿಂಗ್ ಹ್ಯಾಂಗರ್ ಬಿಚ್ಚಿಸಿ ಎಕ್ಸಲ್ಲನ್ನೇ 15 ಸೆಂಮೀ ಹಿಂದಕ್ಕೆ ಸರಿಸಿ ವೆಲ್ಡ್ ಮಾಡಿಸಿ. ಮೂತಿಯ ಭಾರ 70 ಕೆಜಿ ಆಸುಪಾಸಿಗೆ ಬರುತ್ತದೆ. ಬ್ರೇಕ್ ರಾಡನ್ನೂ ಅಷ್ಟೇ ಉದ್ದ ಮಾಡಿಸಲು ಮರೆಯಬೇಡಿ.

ದಾರಿಯಲ್ಲೇ ಟ್ರೇಲರ್ ಎಡಬಲ ತೂಗತೊಡಗಿದರೆ ಬ್ರೇಕ್ ತುಳಿಯಬಾರದು, ಸ್ಟೇರಿಂಗ್ ತಿರುಗಿಸಿ ಸರಿಮಾಡಲೂ ಹೋಗಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡಿದರೆ ವೇಗ ಇಳಿದಂತೆ ತಾನೇ ನಿಲ್ಲುತ್ತದೆ.

ಬಾಲ್ ವಿಷಯ ಚಿಕ್ಕದು, ಆದರೆ ಪ್ರಾಣಕ್ಕೆ ಸಂಬಂಧಿಸಿದ್ದು. ಅಂಗಡಿಯಲ್ಲಿ 47.6 ಮಿಮೀ ಬಾಲ್ ಕೂಡ ಸಿಗುತ್ತದೆ. ಅದರ ಮೇಲೆ ಈ ಕಪ್ಲಿಂಗ್ ಕೂತಂತೆ ಕಂಡರೂ ಗುಂಡಿಗೆ ಬಿದ್ದಾಗ ಕಳಚೀತು. ವರ್ನಿಯರ್ ಹಿಡಿದು ನೋಡಿ. 50ರ ಬಾಲ್ ಸವೆದು 49 ಮಿಮೀ ಆದರೆ ಬದಲಿಸಿ. ಕಪ್ಲಿಂಗ್ ಹಾಕಿದ ಮೇಲೆ ಮುಂದಿನ ಚಿಕ್ಕ ಚಕ್ರದ ಹ್ಯಾಂಡಲ್ ತಿರುಗಿಸಿ ಮೂತಿ ಎತ್ತಿ. ಬೊಲೆರೋದ ಹಿಂಭಾಗವೂ ಎರಡು ಮೂರು ಸೆಂಮೀ ಜೊತೆಗೆ ಎದ್ದರೆ ಲಾಕ್ ಆಗಿದೆ ಎಂದರ್ಥ. ಬೊಲೆರೋ ಎತ್ತರದ ಗಾಡಿಯಾದ್ದರಿಂದ ಬಾಲ್ ಕೂರಿಸಲು ತಗ್ಗಿಸಿದ ಹುಕ್ ಬೇಕು, ಅದನ್ನು ಚಾಸಿಗೆ ಬೋಲ್ಟ್ ಮಾಡಿಸಿ, ಬಂಪರಿಗಲ್ಲ. ಟ್ರೇಲರಿನ ನೆಲ ಮುಂದೆ ಹಿಂದೆ ಒಂದೇ ಎತ್ತರದಲ್ಲಿರಲಿ. ಮೂತಿ ಮೇಲಾದರೆ ಕಷ್ಟಪಟ್ಟು ತಂದ ಮೂತಿಯ ಭಾರ ಮತ್ತೆ ಕಡಿಮೆಯಾಗುತ್ತದೆ.

ಇನ್ನು ಬ್ರೇಕು. ಹೊರಡುವಾಗಲೂ ನಿಲ್ಲಿಸುವಾಗಲೂ 'ಟಕ್' ಎಂದು ಹೊಡೆದರೆ ಕಪ್ಲಿಂಗ್ ಹಿಂದಿನ, ಹೊಡೆತ ತಗ್ಗಿಸುವ ಡ್ಯಾಂಪರ್ ಸತ್ತಿದೆ. ಕಪ್ಲಿಂಗ್ ಕೂತಿರುವ ಜಾರುವ ಕೊಳವೆಯನ್ನು ಕೈಯಿಂದ ಒಳಗೆ ತಳ್ಳಿ ಬಿಡಿ. ಮೆಲ್ಲಗೆ ಹೊರಬರಬೇಕು, ಚಿಮ್ಮಬಾರದು. ಈ ಹೊಡೆತ ಚಾಲಕನಿಗೆ ಕೇಳುವುದು ಕಡಿಮೆ, ತಿನ್ನುವುದು ಕುದುರೆ. ಇಳಿಸಿದ ಮೇಲೆ ರಬ್ಬರ್ ಮ್ಯಾಟ್ ನೋಡಿ: ಲಾಳದ ಗೀರು ಮುಂದೆ ಹಿಂದೆ ಉದ್ದಕ್ಕೆ ಎಳೆದಿದ್ದರೆ ಪ್ರತಿ ಬ್ರೇಕಿಗೂ ಅದು ಕಾಲೂರಿ ತಡೆದಿದೆ, ಗೀರು ಒಂದೇ ಮೂಲೆಯಲ್ಲಿ ಆಳವಾಗಿದ್ದರೆ ತಿರುವುಗಳಲ್ಲಿ ವೇಗ ಹೆಚ್ಚಾಗಿತ್ತು.

ದೇವಿಮನೆಯ ಇಳಿಜಾರಿನಲ್ಲಿ ಟ್ರೇಲರ್ ಸದಾ ಮುಂದಕ್ಕೆ ಒತ್ತುವುದರಿಂದ ಓವರ್‌ರನ್ ಬ್ರೇಕ್ ಹಿಡಿದೇ ಇರುತ್ತದೆ, ಬ್ರೇಕ್ ಡ್ರಮ್ ಕಾದು ಬಿಸಿಯಾಗುತ್ತದೆ. ಎರಡನೇ ಗೇರಿನಲ್ಲಿ ಇಳಿಸಿ, ಬ್ರೇಕನ್ನು ಒಂದೇ ಸಮ ತುಳಿಯದೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಕೆಳಗೆ ಬಂದು ನಿಲ್ಲಿಸಿದಾಗ ಎರಡೂ ಚಕ್ರದ ನಡುವಿನ ಹಬ್ಬಿನ ಹತ್ತಿರ ಹಿಂಗೈ ಒಯ್ದು ನೋಡಿ. ಎರಡೂ ಒಂದೇ ಥರ ಬಿಸಿಯಾಗಿದ್ದರೆ ಘಟ್ಟದ ಕಾವು. ಒಂದೇ ಕಡೆ ಸುಡುತ್ತಿದ್ದರೆ ಆ ಬದಿಯ ಬ್ರೇಕ್ ಕೇಬಲ್ ತುಕ್ಕಿಗೆ ಸಿಕ್ಕಿಕೊಂಡಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಹಾಗೆಯೇ, ಲಾರಿಗೆ ದಾರಿ ಬಿಡಲು ಏರಿನ ಕಡೆಗೆ ರಿವರ್ಸ್ ತೆಗೆದುಕೊಂಡರೂ ಈ ಬ್ರೇಕ್ ಕಚ್ಚುತ್ತದೆ. ರಿವರ್ಸ್ ಲಾಕಿನ ಲಿವರ್ ಹಾಕಿಕೊಳ್ಳಿ, ಮತ್ತೆ ಹೊರಡುವಾಗ ನೆನಪಿಟ್ಟು ತೆಗೆಯಿರಿ.

ಬೇರಿಂಗ್ ಕೂರಿಸುವಾಗ ಚಕ್ರ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ಆಮೇಲೆ ಆರನೇ ಒಂದು ಸುತ್ತು ಸಡಿಲಿಸಿ ಹೊಸ ಕಾಟರ್ ಪಿನ್ ಹಾಕಬೇಕು. ಘಟ್ಟ ಇಳಿದ ಬಿಸಿಯಲ್ಲೇ ಸಮುದ್ರದಂಡೆಯ ನೀರಿಗೆ ಚಕ್ರ ಇಳಿಸಬೇಡಿ. ಬಿಸಿ ಹಬ್ ತಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಸೀಲ್ ಪಕ್ಕದಿಂದ ಉಪ್ಪುನೀರನ್ನೇ ಎಳೆದುಕೊಳ್ಳುತ್ತದೆ. ಗ್ರೀಸ್ ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ.

ವೈರಿಂಗ್ ಮಾತ್ರ ಶೆಡ್ಡಿನವರು ಅಸಡ್ಡೆಯಿಂದ ಮಾಡಿದ್ದಾರೆ. ಅರ್ಥ್‌ಗೆ, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿಗೆ, ಬೇರೆ ವೈರೇ ಇಲ್ಲ, ಬಣ್ಣ ಬಳಿದ ಚಾಸಿಗೆ ಒಂದು ಸ್ಕ್ರೂ ಹೊಡೆದು ಬಿಟ್ಟಿದ್ದಾರೆ. ಕಾರವಾರದ ಉಪ್ಪುಗಾಳಿಗೆ ಅದು ಒಂದು ಮಳೆಗಾಲ ತಡೆಯುವುದಿಲ್ಲ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂದವಾಗಿ ಉರಿಯುವುದು, ಒಂದು ಬದಿ ಹಾಕಿದರೆ ಎರಡೂ ಬದಿ ಮಿಣುಕುವುದು, ಎಲ್ಲಕ್ಕೂ ಅದೇ ಕಾರಣ. ಬ್ಯಾಟರಿಯ ನೆಗೆಟಿವ್‌ನಿಂದ ಲ್ಯಾಂಪಿನ ಅರ್ಥ್‌ಗೆ ಒಂದು ಉದ್ದ ವೈರ್ ತಾಗಿಸಿ ನೋಡಿ. ದೀಪ ಸರಿಯಾದರೆ ಬಲ್ಬ್ ಬದಲಿಸುವ ಖರ್ಚು ಉಳಿಯಿತು. ಏಳು ಪಿನ್ನಿನ ಪ್ಲಗ್ಗಿನಲ್ಲಿ 3ನೇದು ಅರ್ಥ್, ರೂಢಿಯಲ್ಲಿ ಬಿಳಿ ವೈರ್. ಅಲ್ಲಿಂದ ಪ್ರತಿ ಲ್ಯಾಂಪಿಗೂ 2.5 ಚದರ ಮಿಮೀ ತಾಮ್ರದ ವೈರ್ ಎಳೆಸಿ, ಪಿನ್ನುಗಳಿಗೆ ವ್ಯಾಸಲೀನ್ ಸವರಿ.

ನೆಲಕ್ಕೆ ಹಾಕಿದ್ದು ಪ್ಲೈವುಡ್. ಮ್ಯಾಟ್ ಕೆಳಗೆ ಮೂತ್ರ ನಿಂತು ಅಂಚಿನಿಂದ ಕೊಳೆಯುತ್ತದೆ. ತಿಂಗಳಿಗೊಮ್ಮೆ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮತ್ತಿ ಮರದ ಹಲಗೆ, ನಡುವೆ ಬೆರಳು ಹೋಗದಷ್ಟು ಸಂದು ಬಿಟ್ಟು ಹಾಕಿಸಿದರೆ ನೀರು ಇಳಿದುಹೋಗುತ್ತದೆ.

ಚಿಕ್ಕ ಕುದುರೆ, ತಟ್ಟು ಸಾಕಿದವರು ಎಕ್ಸಲ್ ಮತ್ತು ವೈರಿಂಗ್ ಬದಲಿಸಿಕೊಡುವ ಷರತ್ತಿನ ಮೇಲೆ ಇದನ್ನು ಧೈರ್ಯವಾಗಿ ಕೊಳ್ಳಬಹುದು. 450 ಕೆಜಿ ತೂಗುವ ಮಾರವಾಡಿ ಕುದುರೆಗೆ ಬೇಡ. ಟಯರಿನ ಮೇಲೆ ಬರೆದ ಲೋಡ್ ಇಂಡೆಕ್ಸ್ 75, ಅಂದರೆ ಟಯರೊಂದಕ್ಕೆ 387 ಕೆಜಿ, ಎರಡಕ್ಕೆ 774. ಒಟ್ಟು 870 ಕೆಜಿಯಲ್ಲಿ 87ನ್ನು ಹುಕ್ ಹೊತ್ತರೂ ಟಯರಿನ ಮೇಲೆ 783 ಕೆಜಿ ಉಳಿಯುತ್ತದೆ, ಹುಲ್ಲಿನ ಹೊರೆ, ನೀರಿನ ಕ್ಯಾನ್ ಇನ್ನೂ ಸೇರಿಲ್ಲ.