ಐದು ಮಳೆಗಾಲ ಕಂಡ ಟರ್ನ್‌ಟೇಬಲ್, ಅದರ ಮೇಲೆ ಮತ್ತೆ ಸಿಕ್ಕ ಹಳೆಯ ರಾಕ್

ಈ ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ನುಡಿಸುವ ಮೆಷಿನ್, ನಮ್ಮ ಮನೆಗೆ ಬಂದದ್ದು 2020ರ ದಸರೆಗೆ. ಧಾರವಾಡದ ಮಾಳಮಡ್ಡಿಯಲ್ಲಿ ಹಂಚಿನ ಮನೆ ನಮ್ಮದು, ರಸ್ತೆ ಕಡೆಗಿನ ಕೋಣೆಯಲ್ಲಿ ಇಟ್ಟಿದ್ದೇನೆ. ಬೆಲ್ಟ್ ಡ್ರೈವ್ (ರಬ್ಬರ್ ಬೆಲ್ಟ್‌ನಿಂದ ತಿರುಗುವಂಥದ್ದು), ನಿಮಿಷಕ್ಕೆ 33 ಮತ್ತು 45 ಸುತ್ತಿನ ಎರಡೇ ಸ್ಪೀಡು, ಸೂಜಿ ಕೂರಲು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್, ಸೂಜಿಯಿಂದ ಬರುವ ಸಣ್ಣ ಸಿಗ್ನಲ್ ಏರಿಸಲು ಒಳಗೇ ಸಣ್ಣ ಫೋನೊ ಆಂಪ್ಲಿಫೈಯರ್. ಆಗ 18,000 ರೂಪಾಯಿ ಕೊಟ್ಟಿದ್ದೆ. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಈ ಬೆಲೆಗೆ ಸಿಗುವ ಮೆಷಿನ್‌ಗಳ ಗುಣ ದೋಷ ಹೆಚ್ಚೂಕಡಿಮೆ ಒಂದೇ. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ನಾನು ಐದು ಮಳೆಗಾಲ ಕಳೆದು, ಒಂದು ಬೆಲ್ಟು, ಒಂದು ಸೂಜಿ ಬದಲಾಯಿಸಿದ ಮೇಲೆ ಬರೆಯುತ್ತಿದ್ದೇನೆ.

ಯಾಕೆ ಕೊಂಡೆ ಅಂತ ಮೊದಲು ಹೇಳಿಬಿಡುತ್ತೇನೆ.

ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಗೆಳೆಯನೊಬ್ಬ ಪಿಂಕ್ ಫ್ಲಾಯ್ಡ್ ತಂಡದ ‘ವಿಶ್ ಯು ವರ್ ಹಿಯರ್’ ಆಲ್ಬಂ ಅನ್ನು 60 ನಿಮಿಷದ ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಟ್ಟಿದ್ದ. ಆಲ್ಬಂ 1975ರದ್ದು, ಒಟ್ಟು 44 ನಿಮಿಷ. ಎಲ್‌ಪಿಯಲ್ಲಿ, ಅಂದರೆ 33 ಸ್ಪೀಡಿನ ದೊಡ್ಡ ರೆಕಾರ್ಡಿನಲ್ಲಿ, ಎರಡು ಹಾಡಿಗೇ ಮೊದಲ ಸೈಡ್ ಮುಗಿಯುತ್ತದೆ. ಆದರೆ ಕ್ಯಾಸೆಟ್‌ನ ಒಂದು ಸೈಡಿನಲ್ಲಿ 30 ನಿಮಿಷ ಜಾಗ ಇತ್ತಲ್ಲ, ಸುಮ್ನೆ ಖಾಲಿ ಯಾಕೆ ಬಿಡಬೇಕು ಅಂತ ಅವನು ಮೂರನೆಯ ಹಾಡನ್ನೂ ನಾಲ್ಕನೆಯದನ್ನೂ ಅದರಲ್ಲೇ ಹಿಡಿಸಿದ್ದ. ನಾಲ್ಕನೆಯದೇ ಆಲ್ಬಂ ಹೆಸರಿನ ಹಾಡು. ಅದರ ಕೊನೆ ಬರುವಷ್ಟರಲ್ಲಿ ಟೇಪು ಮುಗಿದು ಬಟನ್ ‘ಟಪ್’ ಅಂತ ಮೇಲೆ ಬರುತ್ತಿತ್ತು. ತಿರುಗಿಸಿ ಹಾಕಿದರೆ ಐದನೆಯ ಹಾಡು ನೇರ ಬೇಸ್ ಗಿಟಾರ್‌ನಿಂದ ಶುರು. ಆ ಕ್ಯಾಸೆಟ್ ಸವೆದು ಹೋಗುವವರೆಗೂ ಕೇಳಿದೆ. ನನ್ನ ಮಟ್ಟಿಗೆ ಆ ಹಾಡು ಮುಗಿಯುವುದೇ ಆ ‘ಟಪ್’ನಿಂದ. ಮುಂದೆ ಫೋನಿನಲ್ಲಿ ಹಾಡು ಕೇಳುವ ಕಾಲ ಬಂತು. ಅಲ್ಲಿ ಇದೊಂದೇ ಹಾಡು ಕೇಳಿ ಇನ್ನೆಲ್ಲಿಗೋ ಹೋಗಿಬಿಡುತ್ತಿದ್ದೆ.

ಟರ್ನ್‌ಟೇಬಲ್ ಬಂದ ರಾತ್ರಿ ಮೊದಲು ಹಾಕಿದ್ದೇ ಈ ಆಲ್ಬಂ. ಎರಡನೇ ಸೈಡ್, ಎರಡನೇ ಹಾಡು. ಕೊನೆಗೆ ಗಿಟಾರ್ ಮೆಲ್ಲಗೆ ದೂರ ಸರಿಯಿತು, ಗಾಳಿ ಬೀಸುವ ಸದ್ದು ಶುರುವಾಯಿತು. ಕಿಟಕಿ ಬಿಟ್ಟಿದ್ದೇನೇನೋ ಅಂತ ಎದ್ದು ನೋಡಿದೆ. ಮುಚ್ಚಿತ್ತು. ಗಾಳಿ ಇದ್ದದ್ದು ಸ್ಪೀಕರಿನಲ್ಲಿ. ಅದು ಬೀಸುತ್ತಾ ಬೀಸುತ್ತಾ, ಒಳಗಿಂದ ಆ ಬೇಸ್ ಗಿಟಾರ್ ಎದ್ದು ಬಂತು. ಮೊದಲ ಸೈಡಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಅಲ್ಲಿಂದ ಮತ್ತೆ ಮುಂದುವರಿಯಿತು. ತಂಡದಿಂದ ದೂರವಾಗಿದ್ದ ಸಿಡ್ ಬ್ಯಾರೆಟ್‌ನನ್ನು ನೆನೆದು ಮಾಡಿದ ಹಾಡು ಅದು. ಎರಡು ತುಂಡು ಮಾಡಿ ಆಲ್ಬಂನ ಎರಡು ತುದಿಗೆ ಇಟ್ಟಿದ್ದಾರೆ. ನಡುವಿನ ಹಾಡುಗಳಿಂದ ಮರಳಿ ಅವನ ಹತ್ತಿರ ಕರೆದುಕೊಂಡು ಹೋಗುವುದು ಆ ಗಾಳಿ. ಇಷ್ಟು ವರ್ಷ ನನ್ನ ಹತ್ತಿರ ಇದ್ದದ್ದು ಆ ಗಾಳಿ ಇಲ್ಲದ ಆಲ್ಬಂ. ಕಣ್ಣಲ್ಲಿ ನೀರು ಬಂತು ಅಂತ ಹೇಳಲು ನನಗೆ ಸಂಕೋಚ ಇಲ್ಲ.

ಈ ಮೆಷಿನ್ ನನಗೆ ಮರಳಿ ಕೊಟ್ಟದ್ದು ಹಾಡುಗಳನ್ನಲ್ಲ, ಸೈಡ್‌ಗಳನ್ನು. ಹಾಡುಗಳು ಫೋನಿನಲ್ಲೇ ಇದ್ದವು. ಸೂಜಿ ಇಟ್ಟ ಮೇಲೆ ಸುಮಾರು 20 ನಿಮಿಷ ಕೂರಬೇಕು, ಆಮೇಲೆ ಎದ್ದು ತಿರುವಿ ಹಾಕಬೇಕು. ಆ ಕಾಲದ ತಂಡಗಳು ಬರೆದದ್ದೇ ಈ ಅಳತೆಗೆ. ಪಿಂಕ್ ಫ್ಲಾಯ್ಡ್‌ನ ‘ಮೆಡಲ್’ (1971) ಆಲ್ಬಂನ ಎರಡನೇ ಸೈಡ್ ಪೂರ್ತಿ ‘ಎಕೋಸ್’ ಒಂದೇ, 23 ನಿಮಿಷದ ಮೇಲೆ. ಹನಿ ಬಿದ್ದಂಥ ಒಂದೇ ಒಂದು ಸ್ವರದಿಂದ ಶುರು, ಅವಸರವೇ ಇಲ್ಲ. ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ (1972) ಆಲ್ಬಂನಲ್ಲಿ ಮೊದಲ ಸೈಡಿಗೆಲ್ಲ ಒಂದೇ ಹಾಡು. ಜೆಥ್ರೊ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ (1972) ಎರಡೂ ಸೈಡ್ ಸೇರಿ ಒಂದೇ ಹಾಡು.

ಕಾಲೇಜಿನಲ್ಲಿ ಇವುಗಳಲ್ಲಿ ಅರ್ಧ ನನಗೆ ಬೇಸರ ತರಿಸಿದ್ದವು. ಈಗ ಯಾಕೆ ಇಷ್ಟು ಹಿಡಿಸುತ್ತವೆ ಅಂತ ಯೋಚಿಸಿದರೆ ಉತ್ತರ ನಮ್ಮ ಊರಿನಲ್ಲೇ ಇದೆ. ಮನ್ಸೂರರ, ರಾಜಗುರುಗಳ ಊರಿದು. ಇಲ್ಲಿ ಹಿಂದುಸ್ತಾನಿಯ ವಿಳಂಬಿತ ಗಾಯನ ಬಡಾ ಖಯಾಲ್ ಕೇಳುತ್ತಾ ಕೂತವರಿಗೆ ರಾಗ ನಿಧಾನ ಬಿಚ್ಚಿಕೊಳ್ಳುವುದು ಗೊತ್ತು. ತಾಳದ ಮೊದಲ ಮಾತ್ರೆಗೆ, ಸಮ್‌ಗೆ, ಬಂದು ಸೇರುವವರೆಗೆ ಕಾಯುವುದರಲ್ಲೇ ಸುಖ ಇದೆ ಅಂತಲೂ ಗೊತ್ತು. ‘ಎಕೋಸ್’ ನಡುವೆ ತಾಳವೆಲ್ಲ ಕರಗಿ ಬರೀ ಗಾಳಿ, ಕಾಗೆಗಳ ಥರದ ಕೂಗು ಉಳಿಯುತ್ತದೆ. ಅಲ್ಲಿಂದ ಹಾಡು ಮತ್ತೆ ತನ್ನ ಮೊದಲ ಸಾಲಿಗೆ ಬಂದು ನಿಂತಾಗ ನನ್ನ ಕೈ ತಾನಾಗಿ ತೊಡೆ ತಟ್ಟುತ್ತದೆ.

ನಮ್ಮ ತಾಯಿಗೆ ಈಗ 74. ಹಿಂದುಸ್ತಾನಿ ಕಲಿತವರು, ರಾಕ್ ಅಂದರೆ ಗದ್ದಲ ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ದಿನ ಪಿಂಕ್ ಫ್ಲಾಯ್ಡ್‌ನದೇ ‘ದಿ ಡಾರ್ಕ್ ಸೈಡ್ ಆಫ್ ದ ಮೂನ್’ (1973) ಮೊದಲ ಸೈಡಿನ ಕೊನೆಯ ಹಾಡು ನಡೆದಿತ್ತು. ಅದರಲ್ಲಿ ಕ್ಲೇರ್ ಟೋರಿ ಒಂದು ಶಬ್ದವನ್ನೂ ಹಾಡುವುದಿಲ್ಲ, ಬರೀ ಕಂಠ. ತಾಯಿ ಅಡುಗೆ ಮನೆಯಿಂದ ಬಂದು ಬಾಗಿಲಲ್ಲಿ ನಿಂತರು. “ಯಾರಕಿ? ಆಲಾಪ ಮಾಡ್ಲಿಕ್ಕತ್ಯಾಳಲ್ಲ!” ಅಂದರು. ಆಕೆಗೆ ಆ ದಿನದ ಕೂಲಿ 30 ಪೌಂಡ್ ಮಾತ್ರ ಸಿಕ್ಕಿತ್ತು, ಆ ಸಂಗೀತದಲ್ಲಿ ಆಕೆಯ ಪಾಲೂ ಇದೆ ಅಂತ ಹೆಸರು ಸೇರಿದ್ದು ಕೋರ್ಟಿಗೆ ಹೋದ ಮೇಲೆ, 2005ರಲ್ಲಿ ಅಂತ ಹೇಳಿದೆ. ತಾಯಿಗೆ ಸಿಟ್ಟು ಬಂತು. ಸೈಡ್ ಮುಗಿಯುವವರೆಗೆ ನಿಂತೇ ಕೇಳಿದರು. ಈಗ ಭಾನುವಾರ ಅವರೇ ಕೇಳುತ್ತಾರೆ, ಆ ಹುಡುಗಿದು ಹಾಕು ಅಂತ.

ಇನ್ನು ಮೆಷಿನ್ ವಿಷಯ. ಮೊದಲ ತಿಂಗಳು ಜೀವ ತಿಂದದ್ದು ಗುಂಯ್ ಅನ್ನುವ ಹಮ್. ಮೆಷಿನ್ ಕೆಟ್ಟಿದೆ ಅಂತ ವಾಪಸ್ ಕಳಿಸುವವನಿದ್ದೆ. ಕೆಟ್ಟಿದ್ದು ನಮ್ಮ ಹಳೇ ಮನೆಯ ವೈರಿಂಗ್. ಪ್ಲಗ್ಗಿನಲ್ಲಿ ಮೂರು ತೂತು ಇದ್ದವು, ಅರ್ಥಿಂಗ್ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹೊಸ ಅರ್ಥಿಂಗ್ ಹಾಕಿಸಿದ ಸಂಜೆಯೇ ಹಮ್ ಹೋಯಿತು. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆದಾಗ ಈಗಲೂ ಸಣ್ಣಗೆ ಕೇಳುತ್ತದೆ, ನಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್. ಆಗ ನಿಲ್ಲಿಸಿಬಿಡುತ್ತೇನೆ.

ಎರಡನೆಯದು ಬೆಲ್ಟ್. ಇದನ್ನು ಹಿಡಿದದ್ದೂ ತಾಯಿಯೇ. 2023ರ ಜೂನ್‌ನಲ್ಲಿ ಭೀಮಸೇನ ಜೋಶಿಯವರ ಒಂದು ಹಳೆಯ ಎಲ್‌ಪಿ ಹಾಕಿದ್ದೆ. ಎರಡು ನಿಮಿಷ ಕೇಳಿ, “ಸುರ ಇಳದದ” ಅಂದರು. ನನಗೆ ಏನೂ ಗೊತ್ತಾಗಲಿಲ್ಲ. ಎದ್ದು ಹೋಗಿ ತಮ್ಮ ಎಲೆಕ್ಟ್ರಾನಿಕ್ ತಂಬೂರಿ ತಂದು ಪಕ್ಕದಲ್ಲಿ ಹಚ್ಚಿದರು. ರೆಕಾರ್ಡಿನ ಷಡ್ಜ ತಂಬೂರಿಗಿಂತ ಕೂದಲೆಳೆ ಕೆಳಗೆ. ಫೋನಿನ ಆ್ಯಪ್‌ನಿಂದ ಸ್ಪೀಡ್ ಅಳೆದೆ. ನಿಮಿಷಕ್ಕೆ 33⅓ ಸುತ್ತು ಬರಬೇಕಾದ್ದು 32.6 ಬರುತ್ತಿತ್ತು. ಅಂದರೆ ನೂರಕ್ಕೆ ಎರಡರಷ್ಟು ನಿಧಾನ. ಒಂದು ಅರ್ಧ ಸ್ವರ ಇಳಿಯಲು ನೂರಕ್ಕೆ ಸುಮಾರು ಆರರಷ್ಟು ನಿಧಾನ ಆಗಬೇಕು. ಇದು ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ತಾಯಿಯ ಕಿವಿ ಅಷ್ಟನ್ನೂ ಹಿಡಿದಿತ್ತು! ರೆಕಾರ್ಡ್ ಕೂರುವ ತಟ್ಟೆ (ಪ್ಲ್ಯಾಟರ್) ಎತ್ತಿ ನೋಡಿದರೆ ರಬ್ಬರ್ ಬೆಲ್ಟ್ ಸಡಿಲಾಗಿ ಜಾರುತ್ತಿತ್ತು. ಸರ್ವಿಸ್‌ನವರು ಮೆಷಿನ್ ಬೆಂಗಳೂರಿಗೆ ಕಳಿಸಿ ಅಂದರು. ಕಳಿಸಲಿಲ್ಲ. 600 ರೂಪಾಯಿಗೆ ಬೆಲ್ಟ್ ತರಿಸಿ ಹತ್ತು ನಿಮಿಷದಲ್ಲಿ ನಾನೇ ಹಾಕಿದೆ. ಮೂರು ವರ್ಷಕ್ಕೊಮ್ಮೆ ಬೆಲ್ಟ್ ನೋಡಿ. ಬೈ ದ ವೇ, ರಾಕ್ ಕೇಳುವಾಗ ಇಷ್ಟು ವ್ಯತ್ಯಾಸ ನನ್ನ ಗಮನಕ್ಕೆ ಬಂದೇ ಇರಲಿಲ್ಲ. ಹೊಸ ಬೆಲ್ಟ್ ಹಾಕಿ ಡೀಪ್ ಪರ್ಪಲ್‌ನ ‘ಮಷೀನ್ ಹೆಡ್’ ಕೇಳಿದಾಗಲೇ ತಿಳಿದದ್ದು, ಎಷ್ಟು ದಿನದಿಂದ ಅದು ಸುಸ್ತಾಗಿ ನಡೆಯುತ್ತಿತ್ತು ಅಂತ.

ಸೂಜಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೊಗ್ರೆಸಿವ್ ರಾಕ್, ಅಂದರೆ ಮೇಲೆ ಹೇಳಿದಂಥ ಉದ್ದುದ್ದ ಹಾಡುಗಳ ರಾಕ್, ಕೇಳುವವರಿಗೆ ಇದು ಬಹಳ ಮುಖ್ಯ.

ರೆಕಾರ್ಡ್ ಒಂದೇ ವೇಗದಲ್ಲಿ ಸುತ್ತುತ್ತದೆ. ಆದರೆ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ, ಒಳಗಿನ ಲೇಬಲ್ ಹತ್ತಿರ ಬರೀ 20ರ ಆಸುಪಾಸು. ಅಷ್ಟೇ ಸಂಗೀತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂರುತ್ತದೆ. ತುದಿ ದುಂಡಗಿರುವ ಸೂಜಿಗೆ ಆ ಸಣ್ಣ ತಿರುವುಗಳು ಸಿಗುವುದಿಲ್ಲ, ದನಿ ಒಡೆಯುತ್ತದೆ. ಮೂರು ಮೂರು ನಿಮಿಷದ ಹಾಡುಗಳ ರೆಕಾರ್ಡ್ ಆದರೆ ಸೈಡಿನ ಕೊನೆಗೆ ಒಂದು ಮೆಲು ಹಾಡು ಇಟ್ಟು ಪಾರಾಗಬಹುದು. ಇಲ್ಲಿ ಹಾಗಲ್ಲ. ಜೆನೆಸಿಸ್ ತಂಡದ ‘ಫಾಕ್ಸ್‌ಟ್ರಾಟ್’ (1972) ನೋಡಿ. ಎರಡನೇ ಸೈಡಿನಲ್ಲಿ ಪುಟ್ಟ ಗಿಟಾರ್ ತುಣುಕು ಆದ ಮೇಲೆ 23 ನಿಮಿಷದ ‘ಸಪ್ಪರ್ಸ್ ರೆಡಿ’. ಪೀಟರ್ ಗೇಬ್ರಿಯಲ್ ಪೂರ್ತಿ ಗಂಟಲು ಬಿಟ್ಟು ಹಾಡುವುದು, ಎಲ್ಲ ವಾದ್ಯ ಒಟ್ಟಿಗೆ ಏಳುವುದು, ಎಲ್ಲವೂ ಕಟ್ಟಕಡೆಯ ನಿಮಿಷಗಳಲ್ಲಿ, ಅಂದರೆ ಆ ಇಕ್ಕಟ್ಟಿನಲ್ಲೇ. ಸಾಲದ್ದಕ್ಕೆ ಇಷ್ಟು ಉದ್ದದ ಸೈಡ್ ಕೆತ್ತುವಾಗ ಜಾಗ ಉಳಿಸಲು ಸದ್ದನ್ನೂ ತಗ್ಗಿಸಬೇಕಾಗುತ್ತದೆ. ಮೆಷಿನ್ ಜೊತೆ ಬಂದ ದುಂಡು ಸೂಜಿಯಲ್ಲಿ ಆ ಕೊನೆ ನನಗೆ ಹರಿದ ಸ್ಪೀಕರಿನ ಹಾಗೆ ಕೇಳುತ್ತಿತ್ತು. ಸುಮಾರು 550 ಗಂಟೆ ಆದ ಮೇಲೆ ಎಲಿಪ್ಟಿಕಲ್, ಅಂದರೆ ತುದಿ ಅಂಡಾಕಾರದ, ಸೂಜಿ ಹಾಕಿದೆ. ಅದೇ ರೆಕಾರ್ಡ್, ಅದೇ ಕೋಣೆ, ಗೇಬ್ರಿಯಲ್‌ನ ದನಿ ಇಡಿಯಾಗಿ ಬಂತು. ಇಡೀ ಮೆಷಿನ್ ಬದಲಾಯಿಸುವ ಮೊದಲು ಸೂಜಿ ಬದಲಾಯಿಸಿ.

ಮಳೆ ಮತ್ತು ಧೂಳು. ಧಾರವಾಡದ ಜಿಟಿಜಿಟಿ ಮಳೆ ಜೂನ್‌ನಲ್ಲಿ ಹಿಡಿದರೆ ವಾರಗಟ್ಟಲೆ ಗೋಡೆ ಒಣಗುವುದಿಲ್ಲ. ಮೊದಲ ಮಳೆಗಾಲದಲ್ಲೇ ಮೂರು ಕವರ್‌ಗೆ ಬೂಸ್ಟು ಬಂತು. ಈಗ ಹೊರಗೋಡೆಯಿಂದ ದೂರ, ಮರದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಇಡುತ್ತೇನೆ. ಬೇಸಿಗೆಯಲ್ಲಿ ಧೂಳು ಬೇರೆ ಥರ. ಪ್ರತಿ ಸಲ ಹಾಕುವ ಮೊದಲು ಕಾರ್ಬನ್ ಫೈಬರ್ ಬ್ರಷ್ ಆಡಿಸಲೇಬೇಕು. ಹಳೇ ರೆಕಾರ್ಡ್ ಆದರೆ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ಮೆತ್ತನೆ ಬಟ್ಟೆ, ಗೆರೆಯ ಗುಂಟ ಒರೆಸಬೇಕು, ಲೇಬಲ್ ಒದ್ದೆ ಆಗಬಾರದು.

ಏಪ್ರಿಲ್ ಮೇ ತಿಂಗಳಲ್ಲಿ ರೆಕಾರ್ಡ್ ತರಿಸಬೇಡಿ. ನನ್ನ ‘ಕ್ಲೋಸ್ ಟು ದಿ ಎಡ್ಜ್’ ಬಿಸಿಲಲ್ಲಿ ನಿಂತ ಗಾಡಿಯಿಂದ ಹಪ್ಪಳದ ಹಾಗೆ ಬಾಗಿ ಬಂತು. ಮಾರಿದವರು ಬದಲಾಯಿಸಿ ಕೊಡಲು ಆರು ವಾರ ಓಡಾಡಿಸಿದರು. ಎರಡನೆಯದು ಸಪಾಟಾಗಿತ್ತು. ನೀರಿನ ಸದ್ದು, ಹಕ್ಕಿಗಳ ಸದ್ದು ಮೆಲ್ಲಗೆ ಏರುತ್ತಾ, ಏನಿದು ಅನ್ನುವಷ್ಟರಲ್ಲಿ ವಾದ್ಯಗಳೆಲ್ಲ ಒಮ್ಮೆಲೇ ಮುಗಿಬೀಳುತ್ತವೆ. ಕ್ರಿಸ್ ಸ್ಕ್ವಾಯರ್‌ನ ಬೇಸ್ ಗಿಟಾರ್ ಅನ್ನು ಬೇರೆಯಾಗಿ ಹಿಡಿದು ಪೂರ್ತಿ ಹಾಡು ಕೇಳಿ ನೋಡಿ. ಆರು ವಾರದ ಸಿಟ್ಟು ಅಲ್ಲಿಗೇ ಮುಗಿಯಿತು.

ನಮ್ಮ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಅಜ್ಜನ ಕಾಲದ 78 ಸ್ಪೀಡಿನ ರೆಕಾರ್ಡ್‌ಗಳಿವೆ. ಗಾಂಧಾರಿ ಅಂತ ಹೆಸರು ಹಾಕಿದ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ರೆಕಾರ್ಡ್‌ಗಳೂ ಇರಬಹುದು. ದಯವಿಟ್ಟು ಅವನ್ನು ಇಂಥ ಮೆಷಿನ್ ಮೇಲೆ ಹಾಕಬೇಡಿ. ಸ್ಪೀಡ್ ಇಲ್ಲ ಅನ್ನುವುದು ಒಂದು. ಅವುಗಳ ಗೆರೆ ಎಲ್‌ಪಿಗಿಂತ ಬಹಳ ಅಗಲ, ಎಲ್‌ಪಿ ಸೂಜಿ ತಳಕ್ಕೆ ಇಳಿದು ಕೆರೆಯುತ್ತದೆ. ಅದಕ್ಕೆ ಮೂರು ಸ್ಪೀಡಿನ ಮೆಷಿನ್, ಬೇರೆ ಸೂಜಿ ಎರಡೂ ಬೇಕು.

ಖರ್ಚು ಸಣ್ಣದಲ್ಲ. ಹೊಸ ರೆಕಾರ್ಡ್ ಒಂದಕ್ಕೆ ನಾನು ಕೊಟ್ಟದ್ದು 2,500ರಿಂದ 4,000 ರೂಪಾಯಿ. ಐದು ವರ್ಷದಲ್ಲಿ 31 ಕೊಂಡಿದ್ದೇನೆ, ಅಂದರೆ ಎರಡು ತಿಂಗಳಿಗೆ ಒಂದು. ಅದೇ ಸರಿಯಾದ ಲೆಕ್ಕ ಅಂತ ನನಗೆ ಅನಿಸುತ್ತದೆ. ಒಂದು ಆಲ್ಬಂ ಎರಡು ತಿಂಗಳು ಮನೆಯಲ್ಲಿ ಓಡಾಡಿಕೊಂಡಿರಬೇಕು. ಇಂಥ ಟರ್ನ್‌ಟೇಬಲ್ ಮತ್ತೆ ಕೊಳ್ಳುತ್ತೀರಾ ಅಂದರೆ ಖಂಡಿತ ಹೌದು. ಆದರೆ ಸ್ಪೀಕರ್‌ಗೂ ಅಷ್ಟೇ ದುಡ್ಡು ಎತ್ತಿಡಿ, ಸೂಜಿ ಇಟ್ಟ ಗಂಟೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನನ್ನ ಎರಡನೇ ಸೂಜಿಗೆ ಈಗ 410 ಗಂಟೆ.

ಮುಂದಿನದು ಕಿಂಗ್ ಕ್ರಿಮ್ಸನ್‌ನ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’, 1969ರದ್ದು. ಕಾಲೇಜಿನಲ್ಲಿ ಅದನ್ನು ಮೊದಲ ಹಾಡಿನಲ್ಲೇ ನಿಲ್ಲಿಸಿದ್ದೆ. ಅದರಲ್ಲಿ ಮೆಲೊಟ್ರಾನ್ ಅನ್ನುವ ವಾದ್ಯ ಇದೆ. ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪು, ಒತ್ತಿ ಹಿಡಿದರೆ ಸುಮಾರು 8 ಸೆಕೆಂಡಿಗೆ ಟೇಪು ಮುಗಿದು ಸ್ವರ ನಿಲ್ಲುತ್ತದೆ. ಟೇಪು ಮುಗಿಯುವುದು ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಪಾರ್ಸೆಲ್ ಡಿಸೆಂಬರ್‌ಗೆ ಹೇಳಿದ್ದೇನೆ, ಚಳಿ ಇರುವಾಗ.