ಭೈರಪ್ಪನವರನ್ನು ಪೂರ್ತಿಯಾಗಿ ಓದಲು ಒದಗಿದ ಮೈಸೂರಿನ ಒಂದು ಬಾಡಿಗೆ ಪುಸ್ತಕಾಲಯ

ಎಸ್.ಎಲ್. ಭೈರಪ್ಪನವರ 20ಕ್ಕೂ ಹೆಚ್ಚು ಕಾದಂಬರಿಗಳನ್ನು ಅವು ಪ್ರಕಟವಾದ ಕ್ರಮದಲ್ಲಿಯೇ ಓದಿ ಮುಗಿಸಬೇಕೆಂದು ನಿಶ್ಚಯಿಸಿ, ನಾನೂ ನನ್ನ ತಂಗಿಯೂ ಮೈಸೂರಿನ ನಮ್ಮ ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಗೆ ಸದಸ್ಯರಾದೆವು. 1961ರ ‘ಧರ್ಮಶ್ರೀ’ಯಿಂದ 2017ರ ‘ಉತ್ತರಕಾಂಡ’ದವರೆಗೆ ಬಹುತೇಕ ಎಲ್ಲವೂ ಇಲ್ಲಿ ಒಂದೇ ಕಪಾಟಿನಲ್ಲಿವೆ, ಹೊಸ ಪುಸ್ತಕದಂಗಡಿಗಳಲ್ಲಿಯೂ ಇಂಥ ಅಚ್ಚುಕಟ್ಟುತನವನ್ನು ನಾನು ಕಂಡಿದ್ದು ಕಡಿಮೆ.

ಪ್ರತಿಯೊಂದಕ್ಕೂ ಖಾಕಿ ಕಾಗದದ ರಟ್ಟು ಹಾಕಿ, ಬೆನ್ನಿನ ಮೇಲೆ ಕಪ್ಪು ಶಾಯಿಯಲ್ಲಿ ಹೆಸರು ಬರೆದಿದ್ದಾರೆ. ನಮಗೆ ಸಿಕ್ಕ ‘ಪರ್ವ’ದ ಪ್ರತಿಯಲ್ಲಿ ಹಿಂದಿನ ಓದುಗರೊಬ್ಬರು ಕುಂತಿಯ ಭಾಗದ ಅಂಚಿನುದ್ದಕ್ಕೂ ಪೆನ್ಸಿಲ್ ಗೆರೆ ಎಳೆದಿದ್ದರು, ಅವರೊಡನೆ ಕುಳಿತು ಓದಿದಂತೆಯೇ ನಮಗನಿಸಿತು. ಹದಿನೈದು ದಿನಗಳ ಗಡುವಿನೊಳಗೆ ಅಷ್ಟು ದೊಡ್ಡ ಕೃತಿ ಮುಗಿಯದೆಂದು ಹೇಳಿದಾಗ, “ನಿಧಾನವಾಗಿ ಓದಿ ಮೇಡಂ, ‘ಪರ್ವ’ಕ್ಕೆ ನಾನು ದಂಡ ಹಾಕುವುದಿಲ್ಲ” ಎಂದರು ಮಾಲೀಕರು.

ಮರುಹೊಲಿಗೆ ಬಿಗಿಯಾಗಿರುವ ಕೆಲವು ಪ್ರತಿಗಳಲ್ಲಿ ಒಳಅಂಚಿನ ಅಕ್ಷರಗಳು ಕಾಣಿಸುವುದಿಲ್ಲ, ಇದನ್ನು ಸರಿಪಡಿಸಲೇಬೇಕು. ಆತ್ಮಕಥೆ ‘ಭಿತ್ತಿ’ಯನ್ನು ಯಾರೋ ಒಯ್ದು ಮರಳಿಸಿಲ್ಲ. ಕಾದಂಬರಿಗಳ ಹಿಂದಿನ ಬದುಕನ್ನು ತಿಳಿಯಲು ಅದು ಅಗತ್ಯವಾದ್ದರಿಂದ ನಾವು ಎರಡು ಪ್ರತಿ ಕೊಂಡು, ಒಂದನ್ನು ಆ ಕಪಾಟಿಗೇ ಕೊಟ್ಟೆವು.